ಪಿಕಪ್‌ನ ಡೈನೊ ಚೀಟಿ: ‘ಹದಿನಾಲ್ಕು ಎಚ್‌ಪಿ ಜಾಸ್ತಿ’ ಅಂದರೆ ಎಷ್ಟು ನಿಜ?

ಡೈರಿಯಲ್ಲಿ ಹಾಲು ಹಾಕಿ ಕೈಗೆ ಬಂದ ಚೀಟಿ ಓದಲು ನಿಮಗೆ ಯಾರ ಸಹಾಯವೂ ಬೇಕಿಲ್ಲ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ನಿನ್ನೆಗಿಂತ ಇವತ್ತು ಯಾಕೆ ಇಳಿಯಿತು, ಇದೆಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅನುಮಾನ ಬಂದರೆ ‘ಇನ್ನೊಂದು ಸಲ ಹಾಕಿ ನೋಡಿ’ ಎಂದು ಕೇಳಿಯೇ ಕೇಳುತ್ತೀರಿ.

ಈಗ ಕೆಲವು ಮನೆಗಳಿಗೆ ಇನ್ನೊಂದು ಬಗೆಯ ಚೀಟಿ ಬರುತ್ತಿದೆ. ಹಾಲಿನ ಕ್ಯಾನು, ಜೋಳದ ಮೇವು, ಪಶು ಆಹಾರದ ಮೂಟೆ ಸಾಗಿಸಲು ಸಾಲ ಮಾಡಿ ಪಿಕಪ್ ತಂದಿರುತ್ತೀರಿ. ಓಡಿಸುವವನು ಮಗನೋ ಮೈದುನನೋ ಆಗಿರುತ್ತಾನೆ. ಒಂದು ದಿನ ಅವನು ಮೊಬೈಲ್ ಹಿಡಿದು ಬಂದು, ‘ಗಾಡಿ ದಿಬ್ಬದಲ್ಲಿ ಎಳೆಯಲ್ಲ ಅಮ್ಮ. ಬೆಂಗಳೂರಲ್ಲಿ ರೀಮ್ಯಾಪ್ ಮಾಡ್ತಾರೆ. ಹದಿನಾಲ್ಕು ಎಚ್‌ಪಿ ಜಾಸ್ತಿ ಬರ್ತದೆ, ಡೈನೊ ಚೀಟಿನೂ ಕೊಡ್ತಾರೆ’ ಎಂದು ಒಂದು ಗ್ರಾಫ್ ತೋರಿಸುತ್ತಾನೆ. ಕೆಂಪು ಗೆರೆ, ನೀಲಿ ಗೆರೆ, ಸುತ್ತ ಇಂಗ್ಲಿಷ್ ಅಕ್ಷರ. ಹಣ ಕೊಡಬೇಕಾದವರು ನೀವು. ಸಾಲದ ಕಾಗದಕ್ಕೆ ಸಹಿ ಹಾಕಿದವರೂ ಎಷ್ಟೋ ಸಲ ನೀವೇ. ಆದ್ದರಿಂದ ಆ ಚೀಟಿಯನ್ನು ಓದುವುದು ನಿಮಗೂ ಬರಬೇಕು. ಫ್ಯಾಟ್ ಚೀಟಿ ಓದುವವರಿಗೆ ಇದು ಕಷ್ಟವೇನಲ್ಲ.

ಎಚ್‌ಪಿ ನಿಮಗೆ ಗೊತ್ತಿರುವುದೇ

ಬೋರ್‌ವೆಲ್ಲಿನ ಮೋಟರು 5 ಎಚ್‌ಪಿ, ಮೇವು ಕತ್ತರಿಸುವ ಯಂತ್ರ 2 ಎಚ್‌ಪಿ ಎನ್ನುತ್ತೀರಲ್ಲ, ಗಾಡಿಯದೂ ಅದೇ ಎಚ್‌ಪಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿ ಯಂತ್ರ ಮಾರುವಾಗ, ಅದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಹೇಳಲು ಈ ಅಳತೆ ಮಾಡಿಕೊಂಡ. 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತಿದರೆ ಅದು ಒಂದು ಅಶ್ವಶಕ್ತಿ. 40 ಲೀಟರಿನ ಕ್ಯಾನು ತುಂಬ ಹಾಲಿದ್ದರೆ ಹಾಲೇ 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. ಹೆಚ್ಚುಕಡಿಮೆ ಒಂದೂವರೆ ಕ್ಯಾನನ್ನು ‘ಒಂದು’ ಎಂದು ಎಣಿಸುವಷ್ಟರಲ್ಲಿ ಸೊಂಟದ ಮಟ್ಟಕ್ಕೆ ಎತ್ತಿದ ಹಾಗೆ. ಈ 75 ಕೆ.ಜಿ. ಲೆಕ್ಕ ನೆನಪಿರಲಿ, ಮುಂದೆ ದಿಬ್ಬ ಹತ್ತುವಾಗ ಬೇಕಾಗುತ್ತದೆ.

ಚೀಟಿಯಲ್ಲಿ ಎಚ್‌ಪಿ ಜೊತೆಗೆ ಟಾರ್ಕ್ ಎಂಬ ಇನ್ನೊಂದು ಅಂಕಿ ಇರುತ್ತದೆ. ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಗೂಟ ಹಿಡಿದು ಎಷ್ಟು ಬಲ ಹಾಕಿ ತಿರುಗಿಸುತ್ತೀರೋ ಅದು ಟಾರ್ಕ್. ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸುತ್ತೀರೋ ಅದು ಆರ್‌ಪಿಎಂ. ಎರಡನ್ನೂ ಗುಣಿಸಿದರೆ ಬರುವುದು ಎಚ್‌ಪಿ. ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ಕೊಟ್ಟಿದ್ದರೆ ಅದನ್ನು ಆರ್‌ಪಿಎಂನಿಂದ ಗುಣಿಸಿ 7,120ರಿಂದ ಭಾಗಿಸಿ, ಎಚ್‌ಪಿ ಸಿಗುತ್ತದೆ. 3,200 ಸುತ್ತಿನಲ್ಲಿ 167 ನ್ಯೂಟನ್ ಮೀಟರ್ ಇದ್ದರೆ 75 ಎಚ್‌ಪಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಚೀಟಿಯ ಎರಡು ಅಂಕಿಗಳು ಈ ಲೆಕ್ಕಕ್ಕೆ ಕೂಡದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಎಡವಟ್ಟು ಸಾಮಾನ್ಯವಾಗಿ ಅಳತೆಯ ಹೆಸರಿನಲ್ಲಿರುತ್ತದೆ. ಕೆಲವು ಯಂತ್ರಗಳು ಅಮೆರಿಕದ ರೂಢಿಯಂತೆ ಟಾರ್ಕನ್ನು ಪೌಂಡ್-ಅಡಿಯಲ್ಲಿ ಕೊಡುತ್ತವೆ. ಅಲ್ಲಿ 147 ಅಂದರೆ ನಮ್ಮ 200 ನ್ಯೂಟನ್ ಮೀಟರ್. ಶಕ್ತಿಯನ್ನು ಕಿಲೋವ್ಯಾಟಿನಲ್ಲಿ ಕೊಟ್ಟರೆ 46 ಅಂದರೆ 62 ಎಚ್‌ಪಿ. ‘ಪಿಎಸ್’ ಎಂದು ಬರೆದಿದ್ದರೆ ಅದು ಎಚ್‌ಪಿಗಿಂತ ನೂರಕ್ಕೆ ಒಂದೂವರೆಯಷ್ಟು ಚಿಕ್ಕದು, ಅದರ ಚಿಂತೆ ಬೇಡ.

ಚೀಟಿ ಹುಟ್ಟುವ ಬಗೆ

ಡೈನೊ ಎಂದರೆ ಡೈನಮೊಮೀಟರ್. ನೆಲದಲ್ಲಿ ದೊಡ್ಡ ಉರುಳೆಗಳು ಇರುತ್ತವೆ. ಪಿಕಪ್‌ನ ಹಿಂದಿನ ಚಕ್ರಗಳನ್ನು ಅದರ ಮೇಲೆ ನಿಲ್ಲಿಸಿ, ಗಾಡಿ ಮುಂದಕ್ಕೆ ಹಾರದ ಹಾಗೆ ದಪ್ಪ ಪಟ್ಟಿಗಳಿಂದ ಬಿಗಿದು ಕಟ್ಟುತ್ತಾರೆ. ಗಾಡಿ ನಿಂತಲ್ಲೇ ಇರುವುದರಿಂದ ರೇಡಿಯೇಟರಿಗೆ ಗಾಳಿ ಹೊಡೆಯಲು ಮುಂದೆ ದೊಡ್ಡ ಫ್ಯಾನ್ ಇಡುತ್ತಾರೆ. ಆಮೇಲೆ ಸಾಮಾನ್ಯವಾಗಿ ನಾಲ್ಕನೇ ಗೇರಿಗೆ ಹಾಕಿ, ಕಡಿಮೆ ಸುತ್ತಿನಿಂದ ಶುರು ಮಾಡಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯುತ್ತಾರೆ. ಚಕ್ರ ಉರುಳೆಯನ್ನು ಎಷ್ಟು ಬಲದಿಂದ, ಎಷ್ಟು ವೇಗದಲ್ಲಿ ತಿರುಗಿಸಿತು ಎಂದು ಯಂತ್ರ ಅಳೆದು ಗೆರೆ ಎಳೆಯುತ್ತದೆ.

ಉರುಳೆಗಳಲ್ಲಿ ಎರಡು ಬಗೆ. ಒಂದರಲ್ಲಿ ಉರುಳೆಯ ಭಾರವೇ ಹೊರೆ, ಅದು ಎಷ್ಟು ಬೇಗ ವೇಗ ಹಿಡಿಯಿತು ಎಂಬುದರ ಮೇಲೆ ಲೆಕ್ಕ. ಇನ್ನೊಂದರಲ್ಲಿ ವಿದ್ಯುತ್ತಿನ ಬ್ರೇಕು ಉರುಳೆಯನ್ನು ಹಿಡಿದು ಎಳೆಯುತ್ತದೆ, ದಿಬ್ಬ ಹತ್ತಿದ ಹಾಗೆ. ಟರ್ಬೊ ಇರುವ ಡೀಸೆಲ್ ಪಿಕಪ್‌ಗೆ ಎರಡನೆಯದೇ ಒಳ್ಳೆಯದು. ಟರ್ಬೊ ಗಾಳಿ ತುಂಬಿಕೊಳ್ಳಲು ಹೊರೆಯೂ ಬೇಕು, ಸ್ವಲ್ಪ ಸಮಯವೂ ಬೇಕು. ಹಗುರ ಉರುಳೆಯನ್ನು ಸರ್ರನೆ ತಿರುಗಿಸಿ ಮುಗಿಸಿದರೆ, ನಮಗೆ ಬೇಕಾದ ಕಡಿಮೆ ಸುತ್ತಿನ ಬಲ ಚೀಟಿಯಲ್ಲಿ ಸರಿಯಾಗಿ ಮೂಡುವುದಿಲ್ಲ. ‘ನಿಮ್ಮ ಡೈನೊದಲ್ಲಿ ಲೋಡ್ ಹಾಕ್ತೀರಾ?’ ಎಂದು ಫೋನಿನಲ್ಲೇ ಕೇಳಿಬಿಡಿ.

ಎಂಜಿನ್ನಿನ ಲೆಕ್ಕವೋ, ಚಕ್ರದ ಲೆಕ್ಕವೋ?

ಹೆಚ್ಚಿನ ಗೊಂದಲ ಇಲ್ಲೇ ಶುರುವಾಗುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ 75 ಎಚ್‌ಪಿ ಎಂದು ಬರೆದಿದೆ ಎಂದುಕೊಳ್ಳಿ. ಕಂಪನಿಯವರು ಅದನ್ನು ಎಂಜಿನ್ ಮೇಲೆ ಅಳೆದಿರುತ್ತಾರೆ. ಆ ಶಕ್ತಿ ಚಕ್ರಕ್ಕೆ ಬರುವ ಹೊತ್ತಿಗೆ ಗೇರ್ ಬಾಕ್ಸ್, ಉದ್ದದ ಶಾಫ್ಟ್, ಹಿಂದಿನ ಹೌಸಿಂಗಿನ ಹಲ್ಲುಚಕ್ರ, ಟಯರ್ ಎಲ್ಲವೂ ತಮ್ಮ ಪಾಲು ತಿಂದಿರುತ್ತವೆ. ಇಂಥ ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಿಂದ 20ರಷ್ಟು ಹೀಗೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ಕರೆದ ಹಾಲು, ಸೋಸುವ ಬಟ್ಟೆ, ಪಾತ್ರೆ, ಕ್ಯಾನು ದಾಟಿ ಡೈರಿಯ ತಕ್ಕಡಿಗೆ ಬರುವಷ್ಟರಲ್ಲಿ ಒಂದಿಷ್ಟು ಕಮ್ಮಿಯಾದ ಹಾಗೆ. 75 ಎಚ್‌ಪಿ ಎಂಜಿನ್ನಿನ ಆರೋಗ್ಯವಂತ ಪಿಕಪ್ ಡೈನೊ ಮೇಲೆ 60ರಿಂದ 64 ತೋರಿಸಿದರೆ ಅದು ಸರಿಯಾಗಿಯೇ ಇದೆ.

ಇದು ಗೊತ್ತಿಲ್ಲದವರಿಗೆ ಎರಡು ಬಗೆಯಲ್ಲಿ ಟೋಪಿ ಬೀಳುತ್ತದೆ. ಮೊದಲನೆಯದು, ‘ನೋಡಿ, 75 ಇರಬೇಕಾದ್ದು 62 ಬರ್ತಿದೆ, ನಿಮ್ಮ ಎಂಜಿನ್ ಸೋತಿದೆ’ ಎಂದು ಹೆದರಿಸುವುದು. ಎರಡನೆಯದು ಇನ್ನೂ ನಾಜೂಕಿನದು. ಕೆಲಸಕ್ಕೆ ಮೊದಲು ಚಕ್ರದ ಅಂಕಿ ಬರೆದು, ಕೆಲಸವಾದ ಮೇಲೆ ನಷ್ಟವನ್ನು ಅಂದಾಜಿನಲ್ಲಿ ಕೂಡಿಸಿ ಎಂಜಿನ್ನಿನ ಅಂಕಿ ಬರೆಯುವುದು. 62 ಇದ್ದದ್ದು 76 ಆಯಿತು ಎಂದು ಕಾಣುತ್ತದೆ, ಗಾಡಿಯಲ್ಲಿ ಏನೂ ಬದಲಾಗಿರುವುದಿಲ್ಲ. ಚೀಟಿಯಲ್ಲಿ ‘ವೀಲ್’ ಎಂದಿದೆಯೋ ‘ಎಂಜಿನ್’, ‘ಫ್ಲೈವೀಲ್’ ಅಥವಾ ‘ಕ್ರ್ಯಾಂಕ್’ ಎಂದಿದೆಯೋ ಮೊದಲು ನೋಡಿ. ಎರಡು ಗೆರೆಗೂ ಒಂದೇ ಪದ ಇರಬೇಕು. ಉರುಳೆ ನಿಜವಾಗಿ ಅಳೆಯುವುದು ಚಕ್ರದ್ದನ್ನು ಮಾತ್ರ, ಎಂಜಿನ್ನಿನದು ಅದರಿಂದ ಮಾಡಿದ ಅಂದಾಜು.

ಗಾಳಿಯ ತಿದ್ದುಪಡಿ

ಲ್ಯಾಕ್ಟೋಮೀಟರ್ ಮುಳುಗಿಸಿದಾಗ ಹಾಲಿನ ಉಷ್ಣತೆ ನೋಡಿ ರೀಡಿಂಗನ್ನು ತಿದ್ದುತ್ತಾರೆ. ಹಾಲು ಬಿಸಿ ಇದ್ದರೆ ತೆಳುವಾಗಿ ಕಾಣುತ್ತದೆ, ಅದಕ್ಕೆ ಕೂಡಿಸಬೇಕು. ತಿದ್ದದೆ ಬರೆದರೆ ನಿಮಗೆ ನಷ್ಟ, ಬೇಕೆಂದೇ ಜಾಸ್ತಿ ತಿದ್ದಿದರೆ ಸಂಘಕ್ಕೆ ನಷ್ಟ.

ಎಂಜಿನ್ನಿಗೂ ಇಂಥದೇ ತಿದ್ದುಪಡಿ ಇದೆ. ಎಂಜಿನ್ ಗಾಳಿ ಕುಡಿದು ಓಡುವ ಯಂತ್ರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿ ಮಂಗಳೂರಿನಷ್ಟು ದಟ್ಟವಾಗಿಲ್ಲ. ಬಿಸಿಲಿನ ಮಧ್ಯಾಹ್ನ ಇನ್ನೂ ತೆಳು. ಬೇರೆ ಬೇರೆ ಊರಿನ, ಬೇರೆ ಬೇರೆ ದಿನದ ಅಂಕಿಗಳನ್ನು ಹೋಲಿಸಲು ಎಸ್‌ಎಇ ಎಂಬ ಸಂಸ್ಥೆಯ ಸೂತ್ರವೊಂದನ್ನು ಬಳಸುತ್ತಾರೆ. ಗಾಳಿಯ ಒತ್ತಡ, ಉಷ್ಣತೆ, ತೇವ ಹಾಕಿದರೆ ಒಂದು ಗುಣಕ ಬರುತ್ತದೆ, ಅಳೆದ ಅಂಕಿಯನ್ನು ಅದರಿಂದ ಗುಣಿಸುತ್ತಾರೆ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಹೇಳಿದ ಆ ಸೂತ್ರಕ್ಕೆ ಬೆಂಗಳೂರಿನ 30 ಡಿಗ್ರಿಯ ಒಂದು ದಿನವನ್ನು ಹಾಕಿ ನೋಡಿದರೆ ಗುಣಕ 1.14ರ ಆಸುಪಾಸು ಬರುತ್ತದೆ. ಅಂದರೆ 62 ಇದ್ದದ್ದು ತಿದ್ದಿದ ಮೇಲೆ 70ರ ಮೇಲಾಗುತ್ತದೆ. ಸ್ಪ್ಯಾನರ್ ಮುಟ್ಟದೆ, ಕಂಪ್ಯೂಟರ್ ಚುಚ್ಚದೆ, ಬರೀ ಒಂದು ಬಟನ್ ಒತ್ತಿ ಎಂಟು ಎಚ್‌ಪಿಗಿಂತ ಹೆಚ್ಚು! ಟರ್ಬೊ ಡೀಸೆಲ್ಲಿಗೆ ಅಷ್ಟು ತಿದ್ದುವುದೇ ಸರಿಯಲ್ಲ, ಏಕೆಂದರೆ ಟರ್ಬೊ ತೆಳು ಗಾಳಿಯನ್ನೂ ಒತ್ತಿ ತುಂಬಿ ಕೊರತೆಯನ್ನು ಬಹುಪಾಲು ನೀಗಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಬೇರೆ ಸೂತ್ರವಿದೆ, ಅದರ ತಿದ್ದುಪಡಿ ಚಿಕ್ಕದು.

ನೀವು ಸೂತ್ರ ಕಲಿಯಬೇಕಾಗಿಲ್ಲ. ಚೀಟಿಯ ಮೂಲೆಯಲ್ಲಿ ‘ಸಿಎಫ್’ ಅಥವಾ ‘ಕರೆಕ್ಷನ್’ ಎಂಬ ಪದದ ಮುಂದೆ ಒಂದು ಅಂಕಿ ಇರುತ್ತದೆ. ಮೊದಲಿನ ಗೆರೆಗೆ 1.00 ಇದ್ದು ಆಮೇಲಿನ ಗೆರೆಗೆ 1.14 ಇದ್ದರೆ ಆ ಚೀಟಿಯನ್ನು ಮಡಚಿ ವಾಪಸ್ ಕೊಡಿ. ‘ತಿದ್ದುಪಡಿ ಇಲ್ಲದೆ ಎರಡನ್ನೂ ಅಚ್ಚು ಹಾಕಿಕೊಡಿ’ ಎಂದು ಕೇಳಿದರೆ ಒಂದು ನಿಮಿಷದ ಕೆಲಸ.

ಬೆಳಗಿನ ಹಾಲು, ಸಂಜೆಯ ಹಾಲು

ಬೆಳಗಿನ ಹಾಲಿಗಿಂತ ಸಂಜೆಯ ಹಾಲಿಗೆ ಫ್ಯಾಟ್ ಸಾಮಾನ್ಯವಾಗಿ ಜಾಸ್ತಿ, ನಡುವಿನ ಹೊತ್ತು ಕಡಿಮೆ ಇರುವುದರಿಂದ. ಯಾರಾದರೂ ಸೋಮವಾರ ಬೆಳಗಿನ ಫ್ಯಾಟನ್ನೂ ಮಂಗಳವಾರ ಸಂಜೆಯ ಫ್ಯಾಟನ್ನೂ ಪಕ್ಕಪಕ್ಕ ಇಟ್ಟು ‘ನಮ್ಮ ಹೊಸ ಹಿಂಡಿ ತಿಂದಿದ್ದಕ್ಕೆ ಏರಿತು’ ಎಂದರೆ ನೀವು ನಕ್ಕು ಕಳಿಸುತ್ತೀರಿ. ಡೈನೊ ಚೀಟಿಗೂ ಅದೇ ನಗು ಬೇಕು.

ಒಂದೇ ಡೈನೊ, ಒಂದೇ ದಿನ, ಒಂದೇ ಗೇರು, ಟಯರಿನಲ್ಲಿ ಒಂದೇ ಗಾಳಿ, ಎಂಜಿನ್ ಒಂದೇ ಬಿಸಿ. ಇಷ್ಟಿದ್ದರೆ ಮಾತ್ರ ‘ಮೊದಲು’ ಮತ್ತು ‘ಆಮೇಲೆ’ ಹೋಲಿಸಬಹುದು. ಬೇರೆ ಗಾಡಿಯ ಚೀಟಿ ತೋರಿಸಿ ‘ನಿಮ್ಮದಕ್ಕೂ ಇಷ್ಟೇ ಬರುತ್ತೆ’ ಎಂದರೆ ಅದು ಪಕ್ಕದ ಮನೆಯ ಹಸುವಿನ ಚೀಟಿ. ಪಕ್ಕದ ಮನೆಯ ಹಸು ಎಷ್ಟು ಕರೆದರೆ ನಮಗೇನು?

ಒಂದು ಸಲ ಓಡಿಸಿದ್ದು ಸಾಲದು. ಒಂದೇ ಗಾಡಿಯನ್ನು ಏನೂ ಬದಲಾಯಿಸದೆ ಮೂರು ಸಲ ಓಡಿಸಿದರೂ ಅಂಕಿ ನೂರಕ್ಕೆ ಒಂದೆರಡರಷ್ಟು ಆಚೀಚೆ ಆಗುತ್ತದೆ. 62 ಇದ್ದದ್ದು 61 ಬರಬಹುದು, 63 ಬರಬಹುದು. ಮೊದಲಿನದರಲ್ಲಿ ತೀರಾ ಕಮ್ಮಿ ಬಂದ ಓಟವನ್ನೂ ಆಮೇಲಿನದರಲ್ಲಿ ತೀರಾ ಜಾಸ್ತಿ ಬಂದ ಓಟವನ್ನೂ ಆರಿಸಿದರೆ ಎರಡು ಎಚ್‌ಪಿ ಪುಕ್ಕಟೆ ಸಿಕ್ಕಿತು. ಕ್ಯಾನನ್ನು ಕಲಕದೆ ಮೇಲಿನ ಕೆನೆಹಾಲನ್ನೇ ಸ್ಯಾಂಪಲ್ ತೆಗೆದ ಹಾಗೆ. ಮೊದಲು ಮೂರು, ಆಮೇಲೆ ಮೂರು, ಆರೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಕೇಳಿ. ಎರಡು ಎಚ್‌ಪಿ ಹೆಚ್ಚಳ ಎನ್ನುವುದು ಹೆಚ್ಚಳವೇ ಅಲ್ಲ.

ಗೆರೆಯ ತುದಿ ಬಿಟ್ಟು ನಡುವೆ ನೋಡಿ

ಈಗ ಮುಖ್ಯ ಮಾತಿಗೆ ಬರೋಣ. ಚೀಟಿ ಪ್ರಾಮಾಣಿಕವಾಗಿಯೇ ಇದೆ, ಆರು ಓಟವೂ ಇದೆ, ತಿದ್ದುಪಡಿಯೂ ಸರಿ ಇದೆ, 62 ಇದ್ದದ್ದು 76 ಆಗಿದೆ ಎಂದೇ ಇಟ್ಟುಕೊಳ್ಳಿ. ಹದಿನಾಲ್ಕು ಎಚ್‌ಪಿ ನಿಜವಾಗಿಯೂ ಜಾಸ್ತಿ. ಅದು ನಿಮಗೆ ಸಿಗುತ್ತದೆಯೇ?

ಲೆಕ್ಕಕ್ಕಾಗಿ ಒಂದು ಚೀಟಿ ಮಾಡಿಕೊಳ್ಳೋಣ. ಮೊದಲು 3,200 ಸುತ್ತಿನಲ್ಲಿ 62 ಎಚ್‌ಪಿ ಇತ್ತು. ಆಮೇಲೆ 3,600 ಸುತ್ತಿನಲ್ಲಿ 76. ಈಗ ಬೆರಳನ್ನು ಗ್ರಾಫಿನ ಕೆಳಗಿನ ಅಂಚಿನಲ್ಲಿ ಎಡಕ್ಕೆ ಸರಿಸುತ್ತ 2,000ಕ್ಕೆ ಬನ್ನಿ. ಮೊದಲಿನ ಟಾರ್ಕ್ 166, ಆಮೇಲಿನದು 172. ಎಚ್‌ಪಿ ಲೆಕ್ಕ ಹಾಕಿದರೆ ಸುಮಾರು 47 ಇದ್ದದ್ದು 48 ಆಗಿದೆ. 1,600ಕ್ಕೆ ಬಂದರೆ 37 ಇದ್ದದ್ದು 38. ಹದಿನಾಲ್ಕು ಎಚ್‌ಪಿ ಇರುವುದು ಎಂಜಿನ್ ಕಿರುಚುವ ಜಾಗದಲ್ಲಿ. ಹಾಲಿನ ಕ್ಯಾನು ಹೇರಿಕೊಂಡು ಹಳ್ಳಿಯ ರಸ್ತೆಯಲ್ಲಿ ಹೋಗುವ ಡೀಸೆಲ್ ಪಿಕಪ್ ದಿನವಿಡೀ ಇರುವುದು 1,400ರಿಂದ 2,200ರ ನಡುವೆ. ಅಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದರೆ ನೀವು ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಸದ್ದು ಮಾತ್ರ.

ನಿಮ್ಮ ದಾರಿಗೆ ಎಷ್ಟು ಎಚ್‌ಪಿ ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಗಾಡಿ, ಹಾಲು, ಮೇವು, ಮನುಷ್ಯರು ಎಲ್ಲ ಸೇರಿ 3 ಟನ್ ಎನ್ನಿ. 20 ಮೀಟರ್ ಹೋದರೆ 1 ಮೀಟರ್ ಏರುವ ದಿಬ್ಬ. ಗಂಟೆಗೆ 30 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 8.3 ಮೀಟರ್, ಅಷ್ಟರಲ್ಲಿ ಗಾಡಿ 0.42 ಮೀಟರ್ ಮೇಲೇರುತ್ತದೆ. 3,000 ಕೆ.ಜಿ.ಯನ್ನು 0.42ರಿಂದ ಗುಣಿಸಿ 75ರಿಂದ ಭಾಗಿಸಿದರೆ 17 ಎಚ್‌ಪಿ. ಟಯರು ಉರುಳಲು ಇನ್ನೊಂದು ನಾಲ್ಕು ಸೇರಿಸಿ, 21 ಆಯಿತು. ದಿಬ್ಬ ಇದರ ಎರಡರಷ್ಟು ಕಡಿದಾಗಿದ್ದರೂ ಅದೇ ವೇಗಕ್ಕೆ 38 ಸಾಕು. ವೇಗವನ್ನು 20ಕ್ಕೆ ಇಳಿಸಿದರೆ 25.

ಚಕ್ರದಲ್ಲಿ 62 ಇರುವ ಗಾಡಿಗೆ, 2,000 ಸುತ್ತಿನಲ್ಲೇ 47 ಇರುವ ಗಾಡಿಗೆ, ಈ ದಿಬ್ಬ ಕಷ್ಟವಾಗಬಾರದು. ಆಗುತ್ತಿದೆ ಎಂದರೆ ಗೇರ್ ಇಳಿಸದೆ ಒತ್ತುತ್ತಿದ್ದಾರೆ, ಲೋಡ್ ಮಿತಿ ಮೀರಿದೆ, ಅಥವಾ ಗಾಡಿಗೆ ಕಾಯಿಲೆ ಬಂದಿದೆ.

ಬಿಎಂಸಿಗೆ ಹಾಲು ಬೇಗ ಮುಟ್ಟಬೇಕು, ಅದಕ್ಕೇ ವೇಗ ಬೇಕು ಎನ್ನುವವರಿದ್ದಾರೆ. 10 ಕಿ.ಮೀ. ದಾರಿಯನ್ನು ಗಂಟೆಗೆ 30ರ ಬದಲು 35 ಕಿ.ಮೀ. ವೇಗದಲ್ಲಿ ಹೋದರೆ ಉಳಿಯುವುದು ಮೂರು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಒಂದು ಕ್ಯಾನಿನ ಮುಚ್ಚಳ ಹುಡುಕುವುದರಲ್ಲಿ ಹೋಗುತ್ತದೆ.

ಹೆಚ್ಚಿನ ಶಕ್ತಿ ಬರುವುದು ಡೀಸೆಲ್ಲಿನಿಂದಲೇ

ಮೇವು ಹಾಕದೆ ಹಾಲು ಬರುವುದಿಲ್ಲ. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿಗೆ ‘ಇನ್ನೂ ಸ್ವಲ್ಪ ಡೀಸೆಲ್ ಹಾಕು, ಟರ್ಬೊ ಒತ್ತಡ ಏರಿಸು’ ಎಂದು ಹೊಸ ಆಜ್ಞೆ ಬರೆಯುವುದು. ಕಂಪ್ಯೂಟರ್ ಇಲ್ಲದ ಹಳೆಯ ಗಾಡಿಗಳಲ್ಲಿ ಇದನ್ನೇ ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸಿ ಮಾಡುತ್ತಿದ್ದರು. ಹದಿನಾಲ್ಕೈದು ಎಚ್‌ಪಿ ಹೆಚ್ಚುವರಿ ಶಕ್ತಿಯನ್ನು ಒಂದು ಗಂಟೆ ಪೂರ್ತಿ ಬಳಸಿದರೆ ಹೆಚ್ಚುಕಡಿಮೆ 3 ಲೀಟರ್ ಡೀಸೆಲ್ ಹೆಚ್ಚು ಉರಿಯುತ್ತದೆ. ‘ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ’ ಎಂದು ಒಟ್ಟಿಗೆ ಹೇಳುವವರಿಗೆ, ಮೈಲೇಜಿನ ಚೀಟಿ ಎಲ್ಲಿ ಎಂದು ಕೇಳಿ. ಡೈನೊ ಮೈಲೇಜ್ ಅಳೆಯುವುದಿಲ್ಲ. ಅದನ್ನು ಅಳೆಯುವುದು ನೀವೇ, ಟ್ಯಾಂಕ್ ತುಂಬಿಸಿ, ಅದೇ ದಾರಿ ಒಂದು ವಾರ ಓಡಿಸಿ, ಮತ್ತೆ ತುಂಬಿಸಿ.

ಸುಡುವಷ್ಟು ಗಾಳಿ ಇಲ್ಲದೆ ಡೀಸೆಲ್ ಮಾತ್ರ ಜಾಸ್ತಿ ಬಿದ್ದರೆ ಅದು ಕಪ್ಪು ಹೊಗೆಯಾಗಿ ಹೋಗುತ್ತದೆ. ಹೊಗೆಯ ಜೊತೆ ಶಾಖವೂ ಏರಿ ಪಿಸ್ಟನ್, ಟರ್ಬೊ ಎರಡಕ್ಕೂ ಹೊಡೆತ. ಕ್ಲಚ್ ಪ್ಲೇಟು ಹಳೆಯ ಶಕ್ತಿಗೆ ಮಾಡಿದ್ದು, ಅದೂ ಬೇಗ ಸವೆಯುತ್ತದೆ.

ಇನ್ನು ಬ್ರೇಕು. ರೀಮ್ಯಾಪ್ ಮಾಡಿಸಿದರೆ ಗಾಡಿಯ ಬ್ರೇಕು, ಕಮಾನು, ಆಕ್ಸಲ್ ಯಾವುದೂ ಬದಲಾಗುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೂ ಬದಲಾಗುವುದಿಲ್ಲ. ‘ಪವರ್ ಬಂತಲ್ಲ, ಇನ್ನೂ ಎಂಟು ಮೂಟೆ ಹಾಕೋಣ’ ಎನ್ನುವ ಯೋಚನೆ ದಿಬ್ಬ ಹತ್ತುವಾಗ ಸರಿ ಎನಿಸುತ್ತದೆ, ಇಳಿಯುವಾಗ ಗೊತ್ತಾಗುತ್ತದೆ. ಮನೆಯವರೇ ಓಡಿಸುವ ಗಾಡಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಕಡೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದೆ ಬಿಡಿಭಾಗ ಜೋಡಿಸಿ ಮಾರ್ಪಡಿಸಿದರೆ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಮಾಲೀಕರಿಗೆ’ ಎಂಬ ಪದ ಗಮನಿಸಿ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಓಡಿಸುವವನಿಗೂ ಅಲ್ಲ, ರೀಮ್ಯಾಪ್ ಮಾಡಿದವನಿಗೂ ಅಲ್ಲ. ಹೊಗೆ ಶುದ್ಧಿಯ ಭಾಗ ಕಿತ್ತುಹಾಕಿದ್ದು, ಸೈಲೆನ್ಸರ್ ಬದಲಾಯಿಸಿದ್ದು ಕಣ್ಣಿಗೆ ಕಾಣುತ್ತದೆ. ಸಾಫ್ಟ್‌ವೇರ್ ಕಾಣದಿದ್ದರೂ ಅದರ ಹೊಗೆ ಎಫ್‌ಸಿ ಹೊತ್ತಿಗೆ ಮೀಟರಿನಲ್ಲಿ ಬರುತ್ತದೆ. ಕಂಪನಿಯ ವಾರಂಟಿಯೂ ಕೈತಪ್ಪಬಹುದು. ತಿಳಿಸದೆ ಮಾಡಿಸಿದ ಮಾರ್ಪಾಡು ವಿಮೆಯ ಕ್ಲೇಮಿನ ಹೊತ್ತಿಗೆ ತಕರಾರಿಗೆ ದಾರಿ ಮಾಡುತ್ತದೆ. ಸಾಲ ಇನ್ನೂ ತೀರದ ಗಾಡಿಗೆ ಇದು ದೊಡ್ಡ ಜೂಜು. ನನ್ನನ್ನು ಕೇಳಿದರೆ, ಹಾಲು ಸಾಗಿಸುವ ಪಿಕಪ್‌ಗೆ ಇದರ ಅಗತ್ಯವೇ ಇಲ್ಲ.

ಹಾಗಾದರೆ ಡೈನೊ ಬೇಡವೇ?

ಬೇಕಾಗಬಹುದು, ಗಾಡಿಯ ಕಾಯಿಲೆ ಹುಡುಕಲು. ಗಾಡಿ ನಿಜಕ್ಕೂ ಎಳೆಯುತ್ತಿಲ್ಲ, ಮೆಕ್ಯಾನಿಕ್ಕಿಗೂ ಗೊತ್ತಾಗುತ್ತಿಲ್ಲ ಎಂದಾಗ ಬರೀ ಅಳತೆ ಮಾಡಿಸಬಹುದು. 75ರ ಎಂಜಿನ್ ಚಕ್ರದಲ್ಲಿ 62ರ ಬದಲು 48 ತೋರಿಸಿದರೆ ಏನೋ ಆಗಿದೆ. ಗೆರೆಯ ಆಕಾರವೂ ಮಾತಾಡುತ್ತದೆ. ಎಂಜಿನ್ ಸುತ್ತು ಏರುತ್ತಿದ್ದರೂ ಉರುಳೆಯ ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಡಿಮೆ ಸುತ್ತಿನಲ್ಲಿ ಸರಿ ಇದ್ದು ಮೇಲೆ ಹೋಗುತ್ತ ಗೆರೆ ಕುಸಿದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಎಲ್ಲ ಕಡೆ ಕಮ್ಮಿ ಇದ್ದು ಹೊಗೆ ಕಪ್ಪಗಿದ್ದರೆ ಏರ್ ಫಿಲ್ಟರ್ ಮೇವಿನ ದೂಳಿನಿಂದ ತುಂಬಿದೆಯೋ, ಟರ್ಬೊದ ರಬ್ಬರ್ ಹೋಸು ಸೀಳಿದೆಯೋ ನೋಡಬೇಕು.

ಅಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದಿದೆ. ಏರ್ ಫಿಲ್ಟರ್ ತೆಗೆದು ನೋಡಿ, ಒಣ ಮೇವು ಸಾಗಿಸುವ ಗಾಡಿಯಲ್ಲಿ ಅದು ಬೇಗ ಕಟ್ಟುತ್ತದೆ. ಗಾಡಿ ಓಡಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದ ಹೆಂಚಿನಂತಿದ್ದರೆ ಆ ಬ್ರೇಕು ಹಿಡಿದುಕೊಂಡಿದೆ, ಎಂಜಿನ್ ಅದನ್ನೂ ಎಳೆಯುತ್ತಿದೆ. ಟಯರಿನ ಗಾಳಿ ಪಂಕ್ಚರ್ ಅಂಗಡಿಯಲ್ಲಿ ಅಳೆಸಿ. ಇವುಗಳಿಗೆ ಆಗುವ ಖರ್ಚು ರೀಮ್ಯಾಪಿನ ಹತ್ತಿರಕ್ಕೂ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಚೀಟಿ ಇನ್ನೊಂದು ದಾರಿಯಲ್ಲೂ ನಿಮ್ಮ ಮುಂದೆ ಬರಬಹುದು. ಸಂಘದಿಂದಲೋ ಮನೆಗೆಂದೋ ಹಳೆಯ ಪಿಕಪ್ ಕೊಳ್ಳಲು ಹೋದಾಗ, ‘ಇದು ರೀಮ್ಯಾಪ್ ಗಾಡಿ, ಡೈನೊ ಪ್ರೂಫ್ ಇದೆ’ ಎಂದು ಬೆಲೆ ಏರಿಸುತ್ತಾರೆ. ಆಗ ಚೀಟಿಯ ಮೇಲಿರುವ ಗಾಡಿ ನಂಬರು ಮತ್ತು ತಾರೀಖು ನೋಡಿ. ಎರಡು ವರ್ಷದ ಹಿಂದಿನ ಚೀಟಿ ಎರಡು ವರ್ಷದ ಹಿಂದಿನ ಎಂಜಿನ್ನಿನದು. ಇವತ್ತಿನ ಅಳತೆ ಬೇಕೆಂದು ಕೇಳಿ, ಅದರ ಖರ್ಚು ಮಾರುವವರದ್ದೇ ಆಗಲಿ. ಕಂಪನಿಯ ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿಸಿ ಕೊಡುತ್ತೀರಾ ಎಂದೂ ಕೇಳಿ, ರೀಮ್ಯಾಪ್ ಮಾಡುವವರು ಹಳೆಯದನ್ನು ಉಳಿಸಿಟ್ಟಿರಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಹೊಗೆಯ ಬಣ್ಣ ನೋಡಿ. ಆಮೇಲೆ ಕ್ಯಾನುಗಳಿಗೆ ನೀರು ತುಂಬಿಸಿ ಹೇರಿ, ನಿಮ್ಮದೇ ದಾರಿಯ ನಿಮ್ಮದೇ ದಿಬ್ಬವನ್ನು ಎರಡನೇ ಗೇರಿನಲ್ಲಿ ಒಮ್ಮೆ ಹತ್ತಿಸಿ, ಅಷ್ಟೇ ನಿಧಾನವಾಗಿ ಇಳಿಸಿ ತನ್ನಿ. ಬೆಲೆಯ ಮಾತು ಅದಾದ ಮೇಲೆ.